ಕರುಳಿನಲ್ಲೇ ಉತ್ತರ ಹುಡುಕಿದ ಡಾ. ಶಂಭುನಾಥ ಡೇ

ನಾನು ಕಾಮರ್ಸ್ ವಿದ್ಯಾರ್ಥಿನಿ. ಇವಳೇಕೆ ವಿಜ್ಞಾನಿಯ ಬಗ್ಗೆ ಬರೆಯುತ್ತಿದ್ದಾಳೆ ಎಂದು ಸೈನ್ಸ್ ವಿಭಾಗದ ಗೆಳತಿಯರು ನಗಬಹುದು. ಇದಕ್ಕೆ ಕಾರಣ ನಮ್ಮ ದಾದಿ. ಮನೆಯಲ್ಲಿ ಯಾರಿಗಾದರೂ ವಾಂತಿ-ಭೇದಿ ಶುರುವಾದರೆ ಸಾಕು, ಅವರ ಮುಖ ಬಿಳಚಿಕೊಳ್ಳುತ್ತದೆ. ಅವರು ಚಿಕ್ಕವರಿದ್ದಾಗ ಹೈಜಾ, ಅಂದರೆ ಕಾಲರಾ, ಒಂದೇ ವಾರದಲ್ಲಿ ಅವರ ಇಬ್ಬರು ಅಣ್ಣಂದಿರನ್ನು ಕರೆದುಕೊಂಡು ಹೋಯಿತಂತೆ. ಕಳೆದ ಮಳೆಗಾಲದಲ್ಲಿ ನನ್ನ ತಮ್ಮನಿಗೆ ಭೇದಿಯಾದಾಗ ಅಮ್ಮಿ ಓಆರ್‌ಎಸ್ ಪುಡಿ ಕಲಸಿ ಚಮಚದಲ್ಲಿ ಕುಡಿಸುತ್ತಲೇ ಇದ್ದರು. ಎರಡೇ ದಿನಕ್ಕೆ ಅವನು ಎದ್ದು ಆಡತೊಡಗಿದ. ದಾದಿ ಮಾತ್ರ ಆ ಖಾಲಿ ಪೊಟ್ಟಣವನ್ನು ತುಂಬಾ ಹೊತ್ತು ಕೈಯಲ್ಲಿ ಹಿಡಿದುಕೊಂಡು ಕುಳಿತಿದ್ದರು. ಕಾಲರಾ ಮನುಷ್ಯನನ್ನು ಹೇಗೆ ಕೊಲ್ಲುತ್ತದೆ ಎಂದು ಲೈಬ್ರರಿಯಲ್ಲಿ ಹುಡುಕಿದಾಗ ನನಗೆ ಸಿಕ್ಕ ಹೆಸರು ಶಂಭುನಾಥ ಡೇ. ಕಾಲರಾ ಸಂಶೋಧಕರಿಗೆಲ್ಲ ಪರಿಚಿತವಾದ ಈ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು.

ಡೇ ಹುಟ್ಟಿದ್ದು 1915ರ ಫೆಬ್ರುವರಿ 1ರಂದು, ಬಂಗಾಳದ ಹೂಗ್ಲಿ ಜಿಲ್ಲೆಯ ಗರಿಬಾಟಿ ಗ್ರಾಮದಲ್ಲಿ. ತಂದೆಯದು ಸಣ್ಣ ಅಂಗಡಿ, ಮನೆಯಲ್ಲಿ ಬಡತನ. ವಿದ್ಯಾರ್ಥಿವೇತನ ಪಡೆದು ಓದಿದ ಹುಡುಗ ಮೊದಲು ಸೇರಿದ್ದು ಇಂದು ಹೂಗ್ಲಿ ಮೊಹ್ಸಿನ್ ಕಾಲೇಜು ಎಂದು ಕರೆಯುವ ಕಾಲೇಜಿಗೆ. ಹಾಜಿ ಮುಹಮ್ಮದ್ ಮೊಹ್ಸಿನ್ ಎಂಬ ದಾನಿ ವಕ್ಫ್ ಮಾಡಿದ ಆಸ್ತಿಯ ಹಣದಿಂದ 1836ರಲ್ಲಿ ಶುರುವಾದ ಕಾಲೇಜು ಅದು. ಅಲ್ಲಿಂದ ಅವರು ಕಲ್ಕತ್ತಾ ಮೆಡಿಕಲ್ ಕಾಲೇಜಿಗೆ ಹೋಗಿ ವೈದ್ಯರಾದರು. 1949ರಲ್ಲಿ ಲಂಡನ್ನಿನಲ್ಲಿ ಪಿಎಚ್.ಡಿ. ಮುಗಿಸಿ ಕಲ್ಕತ್ತೆಗೆ ವಾಪಸಾದರು. ಅಲ್ಲಿ ಕಾಲರಾ ಇನ್ನೂ ಜನರನ್ನು ಕೊಲ್ಲುತ್ತಿತ್ತು.

ರೋಗಾಣು ಯಾವುದೆಂದು ಆಗಲೇ ತಿಳಿದಿತ್ತು. ಜರ್ಮನಿಯ ರಾಬರ್ಟ್ ಕಾಕ್ 1884ರಲ್ಲಿ ಇದೇ ಕಲ್ಕತ್ತೆಯಲ್ಲಿ ಕಾಲರಾ ರೋಗಿಗಳಲ್ಲಿ ಅಲ್ಪವಿರಾಮದಂತೆ ಬಾಗಿದ ಬ್ಯಾಕ್ಟೀರಿಯಾವನ್ನು ಗುರುತಿಸಿದ್ದರು. ಆದರೆ ಅದು ಮನುಷ್ಯನ ದೇಹದ ನೀರನ್ನೆಲ್ಲ ಹೇಗೆ ಹೊರಹಾಕಿಸುತ್ತದೆ ಎಂಬುದು ಗೊತ್ತಿರಲಿಲ್ಲ. ಸಂಶೋಧಕರು ಪ್ರಾಣಿಗಳ ರಕ್ತಕ್ಕೆ, ಹೊಟ್ಟೆಯ ಪೊಳ್ಳಿಗೆ ರೋಗಾಣು ಚುಚ್ಚಿ ನೋಡುತ್ತಿದ್ದರು. ಡೇ ಸರಳವಾಗಿ ಯೋಚಿಸಿದರು. ರೋಗ ಕರುಳಿನದು, ಹಾಗಾದರೆ ಕರುಳಿನಲ್ಲೇ ನೋಡಬೇಕು.

ಅವರು ಮೊಲದ ಸಣ್ಣ ಕರುಳಿನ ಒಂದು ತುಂಡನ್ನು ಎರಡೂ ತುದಿಗಳಲ್ಲಿ ರೇಷ್ಮೆ ದಾರದಿಂದ ಕಟ್ಟಿ, ಒಳಕ್ಕೆ ಕಾಲರಾ ಬ್ಯಾಕ್ಟೀರಿಯಾ ಬಿಟ್ಟರು. ಮರುದಿನ ಆ ತುಂಡು ಅಕ್ಕಿ ತೊಳೆದ ನೀರಿನಂಥ ದ್ರವದಿಂದ ಉಬ್ಬಿಕೊಂಡಿತ್ತು. ರೋಗಿಗಳಿಂದ ಹೋಗುತ್ತಿದ್ದದ್ದೂ ಅಂಥದೇ ನೀರು. ಇದನ್ನು ಅವರು 1953ರಲ್ಲಿ ಪ್ರಕಟಿಸಿದರು. ನಂತರ ಬ್ಯಾಕ್ಟೀರಿಯಾಗಳನ್ನು ಪೂರ್ತಿ ಸೋಸಿ ತೆಗೆದು, ಉಳಿದ ದ್ರವವನ್ನಷ್ಟೇ ಕರುಳಿಗೆ ಹಾಕಿದರು. ಆಗಲೂ ಕರುಳು ಉಬ್ಬಿತು! ಅಂದರೆ ಬ್ಯಾಕ್ಟೀರಿಯಾ ಹೊರಬಿಡುವ ವಿಷವೇ ಅಪರಾಧಿ. 1959ರಲ್ಲಿ ನೇಚರ್ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಕಾಕ್ ಅವರ ಶೋಧಕ್ಕೂ ಇದಕ್ಕೂ ನಡುವೆ 75 ವರ್ಷ ಕಳೆದಿತ್ತು.

ಉಳಿದ ಕಥೆ ನಂತರದವರು ತಿಳಿದದ್ದು. ಕಾಲರಾ ಬ್ಯಾಕ್ಟೀರಿಯಾ ಲೋಳೆಯನ್ನು ದಾಟಿ ಈಜಿ ಬಂದು ಕರುಳಿನ ಗೋಡೆಯ ಮೇಲೆ ನೆಲೆಯೂರುತ್ತದೆ. ಪಿಲೈ ಎಂಬ ಕೂದಲಿನಂಥ ಎಳೆಗಳಿಂದ ಒಂದಕ್ಕೊಂದು ಹೆಣೆದುಕೊಂಡು ಗುಂಪಾಗುತ್ತದೆ. ಆದರೆ ಗೋಡೆಯನ್ನು ಒಡೆದು ಒಳನುಗ್ಗುವುದಿಲ್ಲ. ಹೊರಗೆ ಕುಳಿತೇ ವಿಷ ಬಿಡುತ್ತದೆ. ಆ ವಿಷದ 5 ಭಾಗಗಳು ಜೀವಕೋಶದ ಮೇಲಿರುವ ಜಿಎಂ1 ಎಂಬ ಅಣುವನ್ನು ಹಿಡಿದುಕೊಳ್ಳುತ್ತವೆ, ಇನ್ನೊಂದು ಭಾಗ ಒಳಹೊಕ್ಕು ಜೀವಕೋಶ ಉಪ್ಪು-ನೀರನ್ನು ಹೊರಕ್ಕೆ ಸುರಿಯುವಂತೆ ಮಾಡುತ್ತದೆ. ಕರುಳಿನ ಗೋಡೆ ಮಾತ್ರ ಹಾಳಾಗಿರುವುದಿಲ್ಲ. ಆದ್ದರಿಂದಲೇ ಸಕ್ಕರೆ ಮತ್ತು ಉಪ್ಪು ಬೆರೆಸಿದ ನೀರು ಕೊಟ್ಟರೆ ಅದು ಹೀರಿಕೊಳ್ಳುತ್ತದೆ. ಓಆರ್‌ಎಸ್ ಕಂಡುಹಿಡಿದದ್ದು ಡೇ ಅಲ್ಲ. ಆದರೆ ಆ ಪೊಟ್ಟಣ ಏಕೆ ಕೆಲಸ ಮಾಡುತ್ತದೆ ಎಂಬುದು ನನಗೆ ಅರ್ಥವಾದದ್ದು ಅವರ ಮೊಲದ ಪ್ರಯೋಗ ಓದಿದ ಮೇಲೆಯೇ.

ನನಗೆ ಬೇಸರವಾದ ವಿಷಯವೂ ಇದೆ. ನಮ್ಮ ದೇಶದ ಯಾವ ವಿಜ್ಞಾನ ಅಕಾಡೆಮಿಯೂ ಅವರು ಬದುಕಿದ್ದಾಗ ಅವರನ್ನು ಫೆಲೋ ಆಗಿ ಆರಿಸಲಿಲ್ಲ. 1973ರಲ್ಲಿ ಅವರು ಸದ್ದಿಲ್ಲದೆ ನಿವೃತ್ತರಾದರು. 1978ರಲ್ಲಿ ಕಾಲರಾ ಕುರಿತ ನೊಬೆಲ್ ವಿಚಾರಸಂಕಿರಣಕ್ಕೆ ಆಹ್ವಾನ ಬಂತು. ನೊಬೆಲ್ ವಿಜ್ಞಾನಿ ಜೋಶುವಾ ಲೆಡರ್‌ಬರ್ಗ್ ಅವರ ಹೆಸರನ್ನು ನೊಬೆಲ್ ಪ್ರಶಸ್ತಿಗೆ ಸೂಚಿಸಿದರೂ ಪ್ರಶಸ್ತಿ ಬರಲಿಲ್ಲ. 1985ರ ಏಪ್ರಿಲ್ 15ರಂದು ಅವರು ತೀರಿಕೊಂಡರು.

ಜಮಾ ಆಗಬೇಕಾದದ್ದು ಸರಿಯಾದ ಖಾತೆಗೇ ಜಮಾ ಆಗಬೇಕು ಎಂದು ನಮಗೆ ಅಕೌಂಟೆನ್ಸಿಯಲ್ಲಿ ಕಲಿಸುತ್ತಾರೆ. ಅದಕ್ಕೇ ಈ ಲೇಖನ ಬರೆದೆ. ಡೇ ಅವರ ಕಥೆಯನ್ನು ನಮ್ಮ ಭಾಷೆಯಲ್ಲಿ ದಾದಿಗೂ ಓದಿ ಹೇಳಿದೆ. ಪೂರ್ತಿ ಕೇಳಿ, ಅವರ ಹೆಸರನ್ನು ಇನ್ನೊಮ್ಮೆ ಹೇಳು ಎಂದರು.