ಟೀಪೂ ಸುಲ್ತಾನನೂ ನಮ್ಮ ಗೋಧನವೂ

ನರಗುಂದದ ಗುಡ್ಡವನ್ನೂ ಗಜೇಂದ್ರಗಡದ ಕೋಟೆಯನ್ನೂ ಬಲ್ಲ ವಾಚಕರಿಗೆ ಟೀಪೂ ಸುಲ್ತಾನನ ಹೆಸರು ಹೊಸದಲ್ಲ. ಆತನ ಯುದ್ಧಗಳ ಕುರಿತಾದ ವಾದವು ಇಂದಿಗೂ ಮುಗಿದಿಲ್ಲ. ಆತನ ದನಗಳ ಇಲಾಖೆಯನ್ನು ನೆನೆಯುವವರಾದರೋ ವಿರಳ. ರೋಣ, ನರಗುಂದ, ಗಜೇಂದ್ರಗಡಗಳ ಹಾಲಿನ ಪ್ರಶ್ನೆಯನ್ನು ವಿಚಾರಿಸುವವರು ಆ ಚರಿತ್ರವನ್ನು ತಿಳಿದಿರುವದು ಅವಶ್ಯವೆಂದು ನಮ್ಮ ಅಭಿಪ್ರಾಯ.

1750ರಲ್ಲಿ ದೇವನಹಳ್ಳಿಯಲ್ಲಿ ಹುಟ್ಟಿದ ಟೀಪೂವಿಗೆ 1782ರ ಡಿಸೆಂಬರದಲ್ಲಿ ತಂದೆ ಹೈದರಾಲಿಯು ಮರಣ ಹೊಂದಲು ಮೈಸೂರಿನ ಅಧಿಕಾರವು ಬಂದಿತು. ಅದರೊಡನೆ ದೊಡ್ಡ ಗೋಸಂಪತ್ತೂ ಕೈಸೇರಿತು. ಚಿಕ್ಕದೇವರಾಜ ಒಡೆಯರು (1673–1704) ಕಾವಲುಗಳನ್ನು ಮೀಸಲಿಟ್ಟು ಸ್ಥಾಪಿಸಿದ ಬೆಣ್ಣೆಚಾವಡಿಯೇ ಅದರ ಮೂಲ. ಹೈದರನು ಅದನ್ನು ದಂಡಿನ ಸೇವೆಗೆ ತಿರುಗಿಸಿದನು. ಟೀಪೂ ಅದಕ್ಕೆ ಅಮೃತಮಹಲೆಂದು ಹೆಸರಿಟ್ಟು, ಹಿಂಡುಗಳ ಪಾಲನೆಗೆಂದು ಹುಕುಂನಾಮೆಯನ್ನು ಹೊರಡಿಸಿದನು. ಹೆಸರಿನಲ್ಲಿ ಅಮೃತವಿದ್ದರೂ ಅಪೇಕ್ಷೆಯಿದ್ದದ್ದು ತೋಪು ಎಳೆಯುವ ಎತ್ತುಗಳದು; ಹಸುವಿನ ಹಾಲು ಕರುವಿಗೆ ಸಾಕಾದರೆ ಸಾಕಾಗಿತ್ತು. ಆ ಎತ್ತುಗಳ ಬಲದಿಂದಲೇ ಆತನ ಸೈನ್ಯವು 1790ರಲ್ಲಿ ಜನರಲ್ ಮೆಡೋಸನೆದುರು ಎರಡು ದಿನಗಳಲ್ಲಿ 63 ಮೈಲು ನಡೆಯಿತು.

ಸುಲ್ತಾನನ ದಂಡು ನಮ್ಮ ಸೀಮೆಗೂ ಬಂದಿತು. ಹೆಚ್ಚಿನ ಕಪ್ಪಕ್ಕೆ ನರಗುಂದದ ವೆಂಕಟರಾಯನು ಒಪ್ಪದಿರಲು 1785ರಲ್ಲಿ ಕೋಟೆಯು ಮುತ್ತಿಗೆಗೆ ಗುರಿಯಾಯಿತು. ಕೋಟೆ ಬಿದ್ದ ಮೇಲೆ ಆತನನ್ನು ಕಬ್ಬಾಳದುರ್ಗದಲ್ಲಿ ಸೆರೆಯಿಟ್ಟರು. ನರಗುಂದವು ಅದನ್ನು ಮರೆಯಬೇಕೆಂದು ನಾವು ಹೇಳುವದಿಲ್ಲ. 1787ರ ಗಜೇಂದ್ರಗಡದ ಒಪ್ಪಂದದಂತೆ ನರಗುಂದ, ಕಿತ್ತೂರು, ಬಾದಾಮಿಗಳು ಮರಾಠರ ಪಾಲಾದವು. 1792ರಲ್ಲಿ ಅರ್ಧ ರಾಜ್ಯವನ್ನು ಕಳೆದುಕೊಂಡ ಟೀಪೂ 1799ರ ಮೇ 4ರಂದು ಶ್ರೀರಂಗಪಟ್ಟಣದಲ್ಲಿ ಹೋರಾಡುತ್ತ ಮಡಿದನು. ಗೆದ್ದ ಇಂಗ್ಲಿಷರೂ ಅಮೃತಮಹಲನ್ನು ತಮ್ಮ ಸೈನ್ಯಕ್ಕೇ ಉಪಯೋಗಿಸಿದರು. ಮಿತವ್ಯಯಕ್ಕೆಂದು 1860ರಲ್ಲಿ ಅದನ್ನು ಮುರಿದು, 1866ರಲ್ಲಿ ಮತ್ತೆ ಕಟ್ಟಬೇಕಾಯಿತು.

ಇದರಿಂದ ನಾವು ಕಲಿಯುವದೇನು? ದೊರೆಯೂ ಒಕ್ಕಲಿಗನೂ ಯಾವುದನ್ನು ಬೇಡುವರೋ ದನದ ತಳಿಯು ಕಾಲಕ್ರಮದಲ್ಲಿ ಅದನ್ನೇ ಕೊಡುವದು. ಎತ್ತಿಗಾಗಿ ಹಸುವನ್ನು ಸಾಕಿದ ಆ ಹಳೆಯ ಮೈಸೂರು ಸೀಮೆಯೇ ಇಂದು ನಮ್ಮ ರಾಜ್ಯದ ಸಹಕಾರಿ ಹಾಲಿನ ಬಹುಪಾಲನ್ನು ಒದಗಿಸುತ್ತಿದೆ. 1974ರಲ್ಲಿ ಹೈನು ಅಭಿವೃದ್ಧಿಯ ಯೋಜನೆಯು ಮೊದಲು ಹೊಕ್ಕದ್ದು ದಕ್ಷಿಣದ ಜಿಲ್ಲೆಗಳನ್ನು. ಊರೂರಿಗೆ ಸಂಘ, ದಿನಕ್ಕೆರಡು ಹೊತ್ತು ಹಾಲಿನ ಸಂಗ್ರಹ, ಕೊಬ್ಬಿನಂಶವನ್ನು ನೋಡಿ ಬೆಲೆ, ಮಿಶ್ರತಳಿಯ ಹಸು, ಪಶುವೈದ್ಯ—ಇವುಗಳಿಂದ ಅಲ್ಲಿಯ ಒಕ್ಕಲುತನದ ರೂಪವೇ ಬದಲಾಯಿತು. ರಾಜ್ಯದ ಹಾಲು ಮಹಾಮಂಡಳವು ರೂಪುಗೊಂಡದ್ದು 1984ರಲ್ಲಿ. ಉತ್ತರದವರು ತಡವಾಗಿ ಪಂಕ್ತಿಗೆ ಕುಳಿತರು.

ನಮ್ಮ ಎರೆಭೂಮಿಯ ಬಿಳಿಜೋಳ, ಹತ್ತಿಗಳ ಒಕ್ಕಲುತನಕ್ಕೆ ಎತ್ತು ಬೇಕಾಗಿತ್ತು. ಮನೆಯ ಮೊಸರು ತುಪ್ಪಕ್ಕೆ ಎಮ್ಮೆ ಸಾಕಾಗಿತ್ತು. ಇದನ್ನು ಆಲಸ್ಯವೆನ್ನುವದು ಅನ್ಯಾಯ. 2021ರಲ್ಲಿ ಪ್ರತ್ಯೇಕ ತಳಿಯೆಂದು ಮಾನ್ಯತೆ ಪಡೆದ ಧಾರವಾಡಿ ಎಮ್ಮೆಯು ನಮ್ಮ ಗದಗ ಜಿಲ್ಲೆಯದೂ ಹೌದು. ಮಳೆ ಕಡಿಮೆಯಾದ ನಾಡಿನಲ್ಲಿ ದಕ್ಷಿಣದ ಹಸುವನ್ನು ತಂದು ಕಟ್ಟಿದ ಮಾತ್ರಕ್ಕೆ ಹಾಲು ಹರಿಯಲಾರದು. ಮೇವು, ನೀರು, ಊರ ಸಂಘ, ಸಕಾಲದ ಚಿಕಿತ್ಸೆ ಇವು ಮೊದಲು ಬರಬೇಕು; ಒಣ ಕಣಿಕೆಯನ್ನೂ ಅರಗಿಸಿಕೊಳ್ಳುವ ನಮ್ಮ ಎಮ್ಮೆಗೆ ಅಗ್ರಸ್ಥಾನ ಸಲ್ಲಬೇಕು.

ತೋಪಿಗಾಗಿ ಒಬ್ಬ ಸುಲ್ತಾನನು ವಹಿಸಿದ ಶ್ರದ್ಧೆಯನ್ನು ಕೂಸುಗಳ ಬಟ್ಟಲಿನ ಹಾಲಿಗಾಗಿ ಪ್ರಜಾಸರಕಾರವು ವಹಿಸಲಾರದೆ? ಅಧಿಕಾರಿಗಳು ಇದನ್ನು ಮನಗಾಣುವರೆಂದು ನಂಬುತ್ತೇವೆ.