ಕಾಳಿಂಗ ನಾವಡರು ಮತ್ತು ರಾತ್ರಿಯ ಮೊದಲರ್ಧ

ನಮ್ಮ ಹಾಸ್ಟೆಲಲ್ಲಿ ಕೋಣಂದೂರು ಕಡೆಯವರು ನಾಲ್ಕು ಜನ ಇದ್ದೀವಿ. ನಮ್ಮಲ್ಲಿ ಯಾರ ಮನೆಗೆ ಹೋದ್ರೂ ಕಪಾಟಿನಲ್ಲಿ ಒಂದೆರಡು ಹಳೇ ಕ್ಯಾಸೆಟ್ ಇರುತ್ತೆ, ಮೇಲೆ ಬಾಲ್‌ಪೆನ್ನಲ್ಲಿ ನಾವಡ ಅಂತ ಬರೆದಿರುತ್ತೆ. ನಾವು ಹುಟ್ಟೋ ಹದಿನೈದು ವರ್ಷಕ್ಕೂ ಮೊದಲೇ ತೀರಿಹೋದವರ ದನಿ ಕೇಳ್ತಾ ಬೆಳೆದವರು ನಾವು.

ಗುಂಡ್ಮಿ ಕಾಳಿಂಗ ನಾವಡರು ಹುಟ್ಟಿದ್ದು 1958ರ ಜೂನ್ 6ರಂದು, ಸಾಲಿಗ್ರಾಮದ ಹತ್ತಿರದ ಗುಂಡ್ಮಿಯಲ್ಲಿ. ತಂದೆ ರಾಮಚಂದ್ರ ನಾವಡರೂ ಯಕ್ಷಗಾನದ ಭಾಗವತರೇ, ಹಾಗಾಗಿ ಮೊದಲ ಪಾಠ ಮನೆಯಲ್ಲೇ ಆಯ್ತು. ಹದಿನಾಲ್ಕರ ಆಸುಪಾಸಿನಲ್ಲಿ ಕೋಟ ಅಮೃತೇಶ್ವರಿ ಮೇಳ ಸೇರಿದರು. ಅಲ್ಲಿ ಸಿಕ್ಕ ಗುರು ನಾರಣಪ್ಪ ಉಪ್ಪೂರರು.

ಬಯಲುಸೀಮೆಯ ಫ್ರೆಂಡ್ಸಿಗೆ ಭಾಗವತ ಅಂದ್ರೆ ಯಾರು ಅಂತ ಸ್ವಲ್ಪ ಹೇಳಬೇಕು. ಯುರೋಪಿನ ಒಪೆರಾದಲ್ಲಿ ವೇಷ ಹಾಕಿದವರೇ ಹಾಡ್ತಾರೆ, ಕೋಲು ಹಿಡಿದು ವಾದ್ಯದವರನ್ನು ನಡೆಸೋನು ಬೇರೆ. ಯಕ್ಷಗಾನದಲ್ಲಿ ಹಾಡೋದೂ ನಡೆಸೋದೂ ಭಾಗವತರೊಬ್ಬರೇ. ಕೈಯಲ್ಲಿ ತಾಳ, ಪಕ್ಕದಲ್ಲಿ ಮದ್ದಳೆ, ಚೆಂಡೆ. ಪದ ಎಲ್ಲಿ ಎಳೀಬೇಕು, ವೇಷಧಾರಿ ಸುಸ್ತಾದಾಗ ಎಲ್ಲಿ ನಿಲ್ಲಿಸಬೇಕು, ಎಲ್ಲಾ ಅವರ ಲೆಕ್ಕ. ಅದಕ್ಕೇ ಭಾಗವತರನ್ನ ಮೊದಲನೇ ವೇಷ ಅಂತಾರೆ, ಬಣ್ಣ ಹಚ್ಚದಿದ್ರೂ.

ಇದನ್ನೆಲ್ಲ ಯಾರೂ ಹದಿನಾಲ್ಕು ವರ್ಷದ ಹುಡುಗನ ಕೈಗೆ ಕೊಡಲ್ಲ. ಆಟ ಶುರುವಾಗೋ ಮುಂಚಿನ ಪೂರ್ವರಂಗ, ಅಂದ್ರೆ ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷ ಕುಣಿಯೋ ಹೊತ್ತಿನ ಪದಗಳನ್ನ ಹಾಡೋನು ಸಂಗೀತಗಾರ. ಜನ ಇನ್ನೂ ಕಡಲೆ ತಿಂತಾ ಜಾಗ ಹುಡುಕ್ತಿರ್ತಾರೆ, ಯಾರೂ ಸರಿಯಾಗಿ ಕೇಳಲ್ಲ. ಮಧ್ಯರಾತ್ರಿ ಕಳೆದ ಮೇಲೆ ಪ್ರಧಾನ ಭಾಗವತರು ಬರ್ತಾರೆ. ಆಮೇಲೆ ಹುಡುಗ ಮಲಗಬಹುದು. ಆದ್ರೆ ಕಲಿಯೋ ಮನಸ್ಸಿದ್ದೋನು ಮಲಗಲ್ಲ. ಪರೀಕ್ಷೆ ಇಲ್ಲ, ಸಿಲೆಬಸ್ ಇಲ್ಲ. ಒಂದು ತಿರುಗಾಟ ಅಂದ್ರೆ ದೀಪಾವಳಿ ಕಳೆದ ಮೇಲಿಂದ ಮಳೆಗಾಲದ ಹೊಸ್ತಿಲವರೆಗೆ ದಿನಾ ರಾತ್ರಿ ಒಂದೊಂದು ಊರು. ನಮಗೆ ಎಂಟು ಗಂಟೆ ಕ್ಲಾಸಿಗೆ ಏಳೋದೇ ಕಷ್ಟ!

ಮುಂದೆ ಪೆರ್ಡೂರು ಮೇಳ, ಆಮೇಲೆ ಸಾಲಿಗ್ರಾಮ ಮೇಳ. ಸಣ್ಣ ವಯಸ್ಸಲ್ಲೇ ಪ್ರಧಾನ ಭಾಗವತರಾದರು. ರೂಢಿಯಲ್ಲಿ ಇಲ್ಲದ ರಾಗಗಳನ್ನ ಆಟಕ್ಕೆ ತಂದರು. ಸ್ವಂತ ಪ್ರಸಂಗ ಬರೆದರು. ಅವರ ನಾಗಶ್ರೀಗೆ ಟೆಂಟಿನಲ್ಲಿ ಟಿಕೆಟ್ ತಗೊಂಡು ಜನ ಮುಗಿಬಿದ್ದರು. ಪುರಾಣದ ಕಥೆ ಬಿಟ್ಟು ಕಲ್ಪನೆಯ ಕಥೆ ಆಡೋದು ಯಕ್ಷಗಾನವೇ ಅಲ್ಲ ಅಂತ ಹಿರಿಯರಲ್ಲಿ ಕೆಲವರಿಗೆ ಸಿಟ್ಟು. ಆ ಜಗಳ ನಮ್ಮ ಮನೆಗಳ ಜಗಲಿಯಲ್ಲೂ ಇನ್ನೂ ಮುಗಿದಿಲ್ಲ. ಅಜ್ಜಂದಿರು ಉಪ್ಪೂರರ ಕಡೆ, ಅಪ್ಪಂದಿರು ನಾವಡರ ಕಡೆ. ಇದು ತಮಾಷೆ ಅನ್ಸುತ್ತೆ ನಮಗೆ, ಯಾಕಂದ್ರೆ ನಾವಡರು ಉಪ್ಪೂರರ ಶಿಷ್ಯರೇ. ಕ್ಯಾಸೆಟ್ ಗಮನವಿಟ್ಟು ಕೇಳಿದ್ರೆ ರಾಗ ಎಷ್ಟೇ ಹೊಸದಿರಲಿ, ತಾಳದ ಹಿಡಿತ ಎಲ್ಲೂ ಸಡಿಲ ಆಗಲ್ಲ. ಪೂರ್ವರಂಗ ಹಾಡ್ತಾ ಕೂತ ವರ್ಷಗಳು ಅಲ್ಲಿ ಕೇಳಿಸುತ್ತೆ ಅಂತ ನಮ್ಮ ಅಭಿಪ್ರಾಯ. ಅಜ್ಜ ಒಪ್ಪಲ್ಲ.

1990ರ ಮೇ 27ರಂದು ರಸ್ತೆ ಅಪಘಾತದಲ್ಲಿ ನಾವಡರು ತೀರಿಹೋದರು. ಮೂವತ್ತೆರಡು ತುಂಬೋಕೆ ಹತ್ತು ದಿನ ಬಾಕಿ ಇತ್ತು.

ಈಗಲೂ ಕೋಣಂದೂರು ಕಡೆ ಆಟ ಆದಾಗ ಯಾರಾದ್ರೂ ಎಳೇ ಭಾಗವತ ಏರು ದನಿಯಲ್ಲಿ ಪದ ಎತ್ತಿದ್ರೆ, ಹಿಂದೆ ಕೂತ ಅಪ್ಪಂದಿರು ಮುಖ ಮುಖ ನೋಡ್ಕೋತಾರೆ. ಹೋದ ರಜೆಯಲ್ಲಿ ನಾವು ಒಂದು ಕ್ಯಾಸೆಟ್ಟನ್ನ ಎಂಪಿತ್ರೀ ಮಾಡೋಕೆ ಹೊರಟ್ವಿ. ಟೇಪ್ ಅರ್ಧದಲ್ಲಿ ಸಿಕ್ಕಿಹಾಕಿಕೊಳ್ತು. ಪೆನ್ಸಿಲ್ ತೂರಿಸಿ ನಿಧಾನಕ್ಕೆ ಸುತ್ತಿದ್ವಿ. ಎರಡನೇ ಸಲ ಪೂರ್ತಿ ಓಡ್ತು.