ತಮ್ಮನ್ನೇ ದಾಸ್ಯಕ್ಕೆ ಬರೆದುಕೊಟ್ಟ ಸಂತರು

ಸಂಕ್ರಾಂತಿ ಕಳೆದು, ಭೀಮಾತೀರದ ಹೊಲಗಳಲ್ಲಿ ತೊಗರಿಯ ರಾಶಿ ನಡೆಯುವ ದಿನಗಳಲ್ಲಿ, ಜನವರಿ 16ರಂದು, ಧರ್ಮಸಭೆಯು ಸಂತ ಜೋಸೆಫ್ ವಾಜರನ್ನು ಸ್ಮರಿಸುತ್ತದೆ. ಅಫಜಲಪುರ, ಆಳಂದ, ಜೇವರ್ಗಿಯ ಸೀಮೆಯಲ್ಲಿ ಅಲ್ಲೊಂದು ಇಲ್ಲೊಂದು ಮನೆಯಾಗಿ ಬಾಳುವ ಕಥೋಲಿಕ ಕುಟುಂಬಗಳಿಗೆ ಈ ಸಂತರು ತೀರ ಹತ್ತಿರದವರು. ಗುರುಗಳಿಲ್ಲದ ಊರುಗಳ ವಿಶ್ವಾಸಿಗಳಿಗಾಗಿಯೇ ಅವರು ತಮ್ಮ ಬಾಳನ್ನು ಸವೆಸಿದರು.

1651ರ ಏಪ್ರಿಲ್ 21ರಂದು ಗೋವೆಯಲ್ಲಿ ಜನಿಸಿದ ಅವರು 1676ರಲ್ಲಿ ಗುರುದೀಕ್ಷೆ ಪಡೆದರು. ಮರುವರ್ಷ ಆಗಸ್ಟ್ 5ರಂದು ತಮ್ಮನ್ನು ಮಾತೆ ಮರಿಯಳ ದಾಸನೆಂದು ಪತ್ರ ಬರೆದು ಸಹಿ ಹಾಕಿದರು. ಜೀತದಾಳಿಗೆ ತನ್ನದೆಂಬುದು ಏನೂ ಇರದು. ಆ ಪತ್ರದ ಅರ್ಥವನ್ನು ಅವರ ಮುಂದಿನ ದಿನಗಳೇ ತೋರಿಸಿಕೊಟ್ಟವು.

1681ರಲ್ಲಿ ಅವರು ಕನ್ನಡ ಕರಾವಳಿಗೆ ಬಂದರು. ಆಗ ಆ ಸೀಮೆ ಕೆಳದಿಯ ರಾಣಿ ಚೆನ್ನಮ್ಮಾಜಿಯ ಆಳ್ವಿಕೆಯಲ್ಲಿತ್ತು. ಕ್ರೈಸ್ತರಲ್ಲಿ ಸಂಸ್ಕಾರಗಳಿಲ್ಲದೆ ಸೊರಗಿದವರು ಹಲವರಿದ್ದರು. ಧರ್ಮಾಧಿಕಾರದ ವ್ಯಾಜ್ಯವೂ ಬೆಳೆದಿತ್ತು. ವಾಜರು ತಾಳ್ಮೆಗೆಡದೆ ಮಂಗಳೂರು, ಬಸ್ರೂರು, ಗಂಗೊಳ್ಳಿಗಳ ವಿಶ್ವಾಸಿಗಳ ನಡುವೆ ದುಡಿದರು. 1684ರಲ್ಲಿ ಗೋವೆಗೆ ಮರಳಿದರೂ ಇನ್ನೊಂದು ಕರೆ ಅವರ ಮನಸ್ಸನ್ನು ಬಿಡಲಿಲ್ಲ.

ಆ ಕರೆ ಸಿಂಹಳದ್ದು. 1658ರಲ್ಲಿ ಜಾಫ್ನಾವನ್ನು ಗೆದ್ದ ಡಚ್ಚರು ಕಥೋಲಿಕ ಗುರುಗಳನ್ನು ಹೊರಹಾಕಿದ್ದರು. 1687ರಲ್ಲಿ ವಾಜರು ಬಡ ಕೂಲಿಯಾಳಿನ ವೇಷದಲ್ಲಿ ಅಲ್ಲಿಗೆ ಸೇರಿದರು. ಇಳಿದೊಡನೆ ಆಮಶಂಕೆ ಅವರನ್ನು ನೆಲಕ್ಕೆ ಹಾಕಿತು. ಚೇತರಿಸಿಕೊಂಡು, ಕೊರಳಲ್ಲಿ ಜಪಸರ ಧರಿಸಿ, ಮನೆಮನೆಗೆ ಭಿಕ್ಷೆಗೆ ಹೋದರೆಂದು ಚರಿತ್ರಕಾರರು ಬರೆಯುತ್ತಾರೆ. ಆ ಜಪಸರದ ಗುರುತು ಹಿಡಿದವರೇ ಅವರ ಮೊದಲ ಮಂದೆಯಾದರು. ಸುಮಾರು ಮೂವತ್ತು ವರ್ಷ ಗುರುಗಳಿಲ್ಲದಿದ್ದರೂ, ಶಿಕ್ಷೆಯ ಭಯವಿದ್ದರೂ, ಆ ಮನೆಗಳ ತಂದೆತಾಯಿಗಳು ವಿಶ್ವಾಸದ ದೀಪವನ್ನು ಆರಗೊಟ್ಟಿರಲಿಲ್ಲ.

1692ರಲ್ಲಿ ಕ್ಯಾಂಡಿಯಲ್ಲಿ ಪೋರ್ಚುಗೀಸರ ಗೂಢಚಾರನೆಂಬ ಶಂಕೆಯ ಮೇಲೆ ಅವರಿಗೆ ಸೆರೆವಾಸವಾಯಿತು. 1697ರಲ್ಲಿ ಅದೇ ಪಟ್ಟಣದಲ್ಲಿ ಸಿಡುಬು ಹಬ್ಬಿದಾಗ ರೋಗಿಗಳನ್ನು ತೊರೆದು ಜನ ಓಡಿದರು. ವಾಜರು ಓಡಲಿಲ್ಲ. ತಮ್ಮ ಸೋದರಳಿಯರಾದ ಗುರುವೊಬ್ಬರೊಡನೆ ಜಾತಿಮತ ಕೇಳದೆ ರೋಗಿಗಳ ಹುಣ್ಣು ತೊಳೆದರು, ಗಂಜಿ ಉಣಿಸಿದರು, ಸತ್ತವರನ್ನು ಮಣ್ಣು ಮಾಡಿದರು. 1711ರ ಜನವರಿ 16ರಂದು ಕ್ಯಾಂಡಿಯಲ್ಲೇ ಅವರು ದೈವಾಧೀನರಾದರು. 1995ರಲ್ಲಿ ಜಗದ್ಗುರು ಎರಡನೆಯ ಜಾನ್ ಪಾಲರು ಅವರನ್ನು ಪುನೀತರೆಂದೂ, 2015ರಲ್ಲಿ ಜಗದ್ಗುರು ಫ್ರಾನ್ಸಿಸರು ಸಂತರೆಂದೂ ಕೊಲೊಂಬೊದಲ್ಲಿ ಘೋಷಿಸಿದರು.

ನಾವು ದೇವರಿಗೆ ಏನನ್ನು ಕೊಡುತ್ತೇವೆ? ಉಳಿದ ಹೊತ್ತನ್ನು, ಮಿಕ್ಕ ಕಾಸನ್ನು, ದಣಿದ ಮನಸ್ಸನ್ನು ಅಲ್ಲವೇ? ಗುರುಗಳು ಬರುವುದು ತಡವಾದರೆ ಮನೆಯ ಪ್ರಾರ್ಥನೆಯೂ ನಿಂತುಹೋಗುತ್ತದೆ. ಎಲ್ಲರೂ ಸಿಂಹಳಕ್ಕೆ ಹೋಗಬೇಕಾಗಿಲ್ಲ. ರಾಶಿ ಮುಗಿಸಿ ಬಂದ ಸಂಜೆ ನಿದ್ದೆಯನ್ನು ಸ್ವಲ್ಪ ಮುಂದೂಡಿ ಮಕ್ಕಳೊಡನೆ ಜಪಸರ ಹೇಳುವುದು, ಮುನಿಸಿಕೊಂಡ ಅಣ್ಣತಮ್ಮಂದಿರ ಮನೆಗೆ ನಾವೇ ಮೊದಲು ಹೋಗುವುದು, ನೆರೆಯವರ ಜ್ವರದ ರಾತ್ರಿಯಲ್ಲಿ ಎದ್ದು ಕೂಡುವುದು - ಇವೂ ಬಲಿಯೇ. ಜಾಫ್ನಾದ ಮನೆಗಳಲ್ಲಿ ವಿಶ್ವಾಸ ಉಳಿದದ್ದು ಇಂತಹ ಬೆಲೆ ತೆತ್ತವರಿಂದ. ನಮ್ಮ ಮನೆಗಳಲ್ಲಿ ಅದು ಉಳಿಯುವುದೂ ಹಾಗೆಯೇ. ಸಂತ ಜೋಸೆಫ್ ವಾಜರು ನಮಗಾಗಿ ಪ್ರಾರ್ಥಿಸಲಿ.